ಹದಿಮೂವರು ಆಟಗಾರ್ತಿಯರ ಮೊದಲ ವರ್ಷ

ಅರಸರ ಪಟ್ಟಾಭಿಷೇಕ, ದಂಡಯಾತ್ರೆ, ಸಂಧಿವಿಗ್ರಹಗಳನ್ನು ಬರೆದಿಡುವಷ್ಟು ಶ್ರದ್ಧೆಯಿಂದ ಜನರ ಆಟಪಾಟಗಳನ್ನು ಇತಿಹಾಸಕಾರರು ಬರೆದಿಟ್ಟಿಲ್ಲ. ಆಟವೆಂಬುದು ಕಾಲಹರಣದ ಸಾಮಗ್ರಿ, ಅದಕ್ಕೆ ಚರಿತ್ರೆಯೇಕೆ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಒಂದು ಸಮಾಜವು ಯಾರಿಗೆ ಯಾವ ಆಟವನ್ನು ಆಡಗೊಟ್ಟಿತು, ಯಾರ ಆಟವನ್ನು ಮೆಚ್ಚಿ ಹಣ ಕೊಟ್ಟಿತು, ಯಾರ ಆಟವನ್ನು ನೋಡಿ ನಕ್ಕಿತು ಎಂಬುದನ್ನು ಕೇಳುತ್ತ ಹೋದರೆ, ಆ ಸಮಾಜದ ಮನಸ್ಸು ಶಾಸನಗಳಲ್ಲಿ ಕಾಣುವುದಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ 1950ನೆಯ ಇಸವಿಯಲ್ಲಿ ಹದಿಮೂರು ಮಂದಿ ಸ್ತ್ರೀಯರು ಗಾಲ್ಫ್ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಊರಿಂದೂರಿಗೆ ಸಂಚರಿಸಿದ ವೃತ್ತಾಂತವು ಈ ಮಾತಿಗೆ ಒಳ್ಳೆಯ ನಿದರ್ಶನ.

ಗಾಲ್ಫ್ ಸ್ಕಾಟ್ಲೆಂಡಿನಲ್ಲಿ ಬೆಳೆದ ಆಟ. ವಿಶಾಲವಾದ ಹುಲ್ಲುಗಾವಲಿನಲ್ಲಿ ದೂರದೂರಕ್ಕೆ ತೋಡಿದ ಹದಿನೆಂಟು ಸಣ್ಣ ಕುಳಿಗಳು. ಕೈಯಲ್ಲಿ ದಂಡ, ನೆಲದ ಮೇಲೆ ಪುಟ್ಟ ಚೆಂಡು. ಅತಿ ಕಡಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಯಿಂದ ಕುಳಿಗೆ ಸಾಗಿಸಿದವರೇ ಗೆದ್ದವರು. ದೊಡ್ಡ ಪಂದ್ಯಗಳಲ್ಲಿ ಅನೇಕವಾಗಿ ಈ ಸುತ್ತನ್ನು ನಾಲ್ಕು ಬಾರಿ, ಎಂದರೆ ಎಪ್ಪತ್ತೆರಡು ಕುಳಿಗಳವರೆಗೆ ಆಡುವುದುಂಟು. ಇಬ್ಬಿಬ್ಬರು ಎದುರುಬದುರಾಗಿ ಕುಳಿಗೊಂದರಂತೆ ಜಯಾಪಜಯವನ್ನು ಎಣಿಸುವ ಕ್ರಮವೂ ಉಂಟು. ಇಲ್ಲಿ ಎದುರಾಳಿಯ ಮೈಯನ್ನು ಮುಟ್ಟುವ ಪ್ರಸಂಗವಿಲ್ಲ; ಆಟಗಾರನ ಹೋರಾಟವೆಲ್ಲ ನೆಲ, ಗಾಳಿ ಮತ್ತು ತನ್ನ ಮನಸ್ಸಿನೊಡನೆ. ಬ್ರಿಟನ್ನಿನಲ್ಲಿ ಸ್ತ್ರೀಯರ ಗಾಲ್ಫ್ ಒಕ್ಕೂಟವು 1893ರಲ್ಲಿಯೇ ಸ್ಥಾಪಿತವಾಗಿತ್ತು. ಅಮೆರಿಕೆಯಲ್ಲಿ ಹವ್ಯಾಸಿ ಸ್ತ್ರೀಯರ ರಾಷ್ಟ್ರೀಯ ಪಂದ್ಯವು 1895ರಲ್ಲಿ ಆರಂಭವಾಯಿತು. ಆದರೆ ಆಡುತ್ತಿದ್ದವರು ಬಹುಮಟ್ಟಿಗೆ ಅನುಕೂಲವಂತರ ಮನೆಯ ಹೆಣ್ಣುಮಕ್ಕಳು. ಅವರಿಗೆ ದೊರೆಯುತ್ತಿದ್ದುದು ಬೆಳ್ಳಿಯ ಬಟ್ಟಲು ಮತ್ತು ಕೀರ್ತಿ. ಹಣಕ್ಕಾಗಿ ಆಡುವುದು ಗೌರವಸ್ಥರಿಗೆ ತಕ್ಕುದಲ್ಲವೆಂಬ ಮಾತು ಪುರುಷರ ವಿಷಯದಲ್ಲಿ ಸಡಿಲವಾದ ಮೇಲೆಯೂ ಸ್ತ್ರೀಯರ ವಿಷಯದಲ್ಲಿ ಬಹುಕಾಲ ಬಿಗಿಯಾಗಿಯೇ ಉಳಿಯಿತು. ನಮ್ಮ ನಾಡಿನಲ್ಲಿ ರಂಗಭೂಮಿಯನ್ನು ಏರಿದ ಮೊದಲ ನಟಿಯರು ಕೇಳಿದ ಮಾತುಗಳನ್ನು ಬಲ್ಲ ವಾಚಕರಿಗೆ ಈ ನಿಷ್ಠುರದ ಸ್ವರೂಪವನ್ನು ವಿವರಿಸಬೇಕಾದುದಿಲ್ಲ.

1931ರ ರಾಷ್ಟ್ರೀಯ ಪಂದ್ಯವನ್ನು ಗೆದ್ದಿದ್ದ ಹೆಲನ್ ಹಿಕ್ಸ್ ಎಂಬಾಕೆ 1934ರಲ್ಲಿ ವೃತ್ತಿಯ ಆಟಗಾರ್ತಿಯಾದಾಗ, ಆಕೆ ಆಡಬಹುದಾದ ಹಣದ ಪಂದ್ಯಗಳೇ ಇರಲಿಲ್ಲವೆನ್ನಬೇಕು. ಕ್ರೀಡಾಸಾಮಗ್ರಿಗಳನ್ನು ಮಾರುವ ವಿಲ್ಸನ್ ಕಂಪೆನಿಯವರು ಆಕೆಯನ್ನು ಊರೂರಿಗೆ ಕಳುಹಿಸಿ ಆಟದ ಪ್ರದರ್ಶನಗಳನ್ನು ಏರ್ಪಡಿಸಿದರು. 1940ರಲ್ಲಿ ಅದೇ ಕಂಪೆನಿಯನ್ನು ಸೇರಿದ ಮಿನಿಯಾಪೊಲಿಸ್ ನಗರದ ಪ್ಯಾಟಿ ಬರ್ಗ್‌ಳ ಸ್ಥಿತಿಯೂ ಇದೇ ಆಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಮೋಟಾರಿನ ಅಪಘಾತವೊಂದರಲ್ಲಿ ಆಕೆಯ ಮೊಣಕಾಲು ಮುರಿದು, ಒಂದು ವರ್ಷಕ್ಕೂ ಮಿಕ್ಕಿ ಆಟದಿಂದ ದೂರವಿರಬೇಕಾಯಿತು. ಗುಣವಾದ ಮೇಲೆ ಆಕೆ ಯುದ್ಧಕಾಲದಲ್ಲಿ ನೌಕಾಸೈನಿಕರ ಮಹಿಳಾ ದಳದಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿ, ಅನಂತರ ಮತ್ತೆ ಕೈಗೆ ದಂಡವನ್ನು ತೆಗೆದುಕೊಂಡಳು.

ಈ ಕಥೆಯಲ್ಲಿ ಎಲ್ಲರಿಗಿಂತಲೂ ಎತ್ತರವಾಗಿ ಕಾಣುವವಳು ಬೇಬ್ ಜಹರಿಯಾಸ್. ಆಕೆಯ ತವರಿನ ಹೆಸರು ಮಿಲ್ಡ್ರೆಡ್ ಡಿಡ್ರಿಕ್‌ಸನ್. ಜನನ 1911ರಲ್ಲಿ, ಟೆಕ್ಸಾಸ್ ಪ್ರಾಂತದ ಪೋರ್ಟ್ ಆರ್ಥರ್ ಎಂಬಲ್ಲಿ. ನಾರ್ವೆಯಿಂದ ವಲಸೆ ಬಂದ ಶ್ರಮಜೀವಿಗಳ ಕುಟುಂಬ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಈಟಿಯ ಎಸೆತದಲ್ಲಿಯೂ ಅಡೆತಡೆಯ ಓಟದಲ್ಲಿಯೂ ಸುವರ್ಣಪದಕಗಳನ್ನು, ಎತ್ತರದ ನೆಗೆತದಲ್ಲಿ ರಜತಪದಕವನ್ನು ಗಳಿಸಿದಳು. ಇಷ್ಟು ಕೀರ್ತಿಯಿದ್ದರೂ ಹೊಟ್ಟೆಯ ಪಾಡು ತಪ್ಪಲಿಲ್ಲ. ನಾಟಕಶಾಲೆಗಳಲ್ಲಿ ವಿನೋದ ಪ್ರದರ್ಶನ ಮಾಡಿ, ಪುರುಷರ ಬೇಸ್‌ಬಾಲ್ ತಂಡದೊಡನೆ ತಿರುಗಿ ಆಕೆ ಸಂಪಾದಿಸಬೇಕಾಯಿತು. ಮುಂದೆ ಗಾಲ್ಫ್ ಕಲಿತು 1935ರಲ್ಲಿ ಟೆಕ್ಸಾಸಿನ ಹವ್ಯಾಸಿ ಪಂದ್ಯವನ್ನು ಗೆದ್ದಾಗ, ಹಿಂದೆ ಬೇರೆ ಆಟಗಳಿಂದ ಹಣ ಪಡೆದಿದ್ದಳೆಂಬ ಕಾರಣದಿಂದ ಅಧಿಕಾರಿಗಳು ಆಕೆಯನ್ನು ಹವ್ಯಾಸಿಗಳ ಸಾಲಿನಿಂದ ಹೊರಗಿಟ್ಟರು. ವೃತ್ತಿಯವಳೆಂದು ಹೊರಗಿಟ್ಟುದು ಸರಿ. ಆದರೆ ವೃತ್ತಿಯ ಸ್ತ್ರೀಯರಿಗೆ ಪಂದ್ಯಗಳೆಲ್ಲಿದ್ದುವು? ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ಕೆಲವು ವರ್ಷ ಹಣದ ಆಟಗಳಿಂದ ದೂರವಿದ್ದು 1943ರಲ್ಲಿ ಹವ್ಯಾಸಿಯ ಹಕ್ಕನ್ನು ಮರಳಿ ಪಡೆದು, 1946ರಲ್ಲಿ ಅಮೆರಿಕೆಯ, 1947ರಲ್ಲಿ ಬ್ರಿಟನ್ನಿನ ಹವ್ಯಾಸಿ ಪಂದ್ಯಗಳೆರಡನ್ನೂ ಗೆದ್ದ ಮೇಲೆ ಆಕೆ ತಾನಾಗಿಯೇ ವೃತ್ತಿಗೆ ಇಳಿದಳು.

ವೃತ್ತಿಯ ಆಟಗಾರ್ತಿಯರಿಗೆ ಒಂದು ಸಂಘವಿರಬೇಕೆಂಬ ಯೋಚನೆಯು ಅಷ್ಟರಲ್ಲಿಯೇ ಮೊಳೆತಿತ್ತು. 1944ರಲ್ಲಿ ಹೋಪ್ ಸೀನ್ಯಸ್, ಬೆಟಿ ಹಿಕ್ಸ್, ಎಲನ್ ಗ್ರಿಫಿನ್ ಎಂಬ ಮೂವರು ಅಂತಹ ಸಂಘವನ್ನು ನೋಂದಾಯಿಸಿದರು. ಸೀನ್ಯಸಳು ತನ್ನ ಮನೆಯ ಹಣವನ್ನೂ ಸುರಿದು ಅದನ್ನು ನಡೆಸಿದಳು. ಸ್ತ್ರೀಯರ ಗಾಲ್ಫಿಗೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದಳು. 1946ರಲ್ಲಿ ಸ್ಪೋಕೇನ್ ನಗರದಲ್ಲಿ ಸ್ತ್ರೀಯರ ಮೊದಲ ರಾಷ್ಟ್ರೀಯ ಮುಕ್ತ ಪಂದ್ಯವನ್ನು ನಡೆಸಿದುದು ಈ ಸಂಘದ ದೊಡ್ಡ ಸಾಧನೆ. ಅದರಲ್ಲಿ ಪ್ಯಾಟಿ ಬರ್ಗ್ ಜಯಶಾಲಿನಿಯಾದಳು. ಮರುವರ್ಷ ಗ್ರೀನ್ಸ್‌ಬರೋ ನಗರದಲ್ಲಿ ಬೆಟಿ ಜೇಮ್ಸನ್ ಎಪ್ಪತ್ತೆರಡು ಕುಳಿಗಳನ್ನು 295 ಹೊಡೆತಗಳಲ್ಲಿ ಮುಗಿಸಿ, ಸ್ತ್ರೀಯರಿಂದ ಮುನ್ನೂರರೊಳಗೆ ಆಗದೆಂದಿದ್ದವರ ಬಾಯನ್ನು ಮುಚ್ಚಿಸಿದಳು. ಆದರೆ ಪಂದ್ಯಗಳು ವಿರಳ. ಹಣ ಕೊಡುವವರು ಇನ್ನೂ ವಿರಳ. ಎಣ್ಣೆ ತೀರಿದ ದೀಪದಂತೆ 1949ರ ಹೊತ್ತಿಗೆ ಆ ಸಂಘವು ನಂದಿತು. ಮುಂದೆ ಬಂದವರು ನಡೆದ ದಾರಿಯಲ್ಲಿ ಮೊದಲ ಮುಳ್ಳುಗಳನ್ನು ತುಳಿದವರು ಈ ಮೂವರು. ಹೊಸ ಸಂಘದ ಸ್ಥಾಪಕಿಯರ ಪಟ್ಟಿಯಲ್ಲಿ ಇವರ ಹೆಸರುಗಳಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

ಹಳೆಯ ಸಂಘವು ಕುಸಿಯುತ್ತಿರುವಾಗ ಬರ್ಗ್, ಬೇಬ್ ಮೊದಲಾದವರು ಹೊಸದೊಂದನ್ನು ಕಟ್ಟಲು ಹೊರಟರು. ವಿಲ್ಸನ್ ಕಂಪೆನಿಯ ಸಹಾಯದಿಂದ ಫ್ರೆಡ್ ಕಾರ್ಕೊರನ್ ಎಂಬ ವ್ಯವಸ್ಥಾಪಕನು ನೇಮಕವಾದನು. ಈತನು ಪುರುಷರ ಪಂದ್ಯಗಳನ್ನು ಹಲವು ವರ್ಷ ನಡೆಸಿ ಪಳಗಿದವನು. ಬೇಬಳ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವನೂ ಈತನೇ. ಹಳೆಯ ಸಂಘದ ಹೆಸರು ಬಳಕೆಗೆ ದೊರೆಯದೆಹೋದುದರಿಂದ, ‘ವಿಮೆನ್ಸ್’ ಎಂದಿದ್ದ ಕಡೆ ‘ಲೇಡೀಸ್’ ಎಂಬ ಮಾತನ್ನಿಟ್ಟು ಹೊಸ ಸಂಘಕ್ಕೆ ನಾಮಕರಣ ಮಾಡಿದರು. ಸ್ಥಾಪಕಿಯರೆಂದು ಗಣನೆಗೆ ಬಂದವರು ಹದಿಮೂರು ಮಂದಿ: ಪ್ಯಾಟಿ ಬರ್ಗ್, ಬೇಬ್ ಜಹರಿಯಾಸ್, ಲೂಯಿಸ್ ಸಗ್ಸ್, ಬೆಟಿ ಜೇಮ್ಸನ್, ಹೆಲನ್ ಹಿಕ್ಸ್, ಓಪಲ್ ಹಿಲ್, ಹೆಲನ್ ಡೆಟ್ವೈಲರ್, ಬೆಟಿ ಡ್ಯಾನಾಫ್, ಸ್ಯಾಲಿ ಸೆಷನ್ಸ್, ಮ್ಯಾರಿಲಿನ್ ಸ್ಮಿತ್, ಶರ್ಲಿ ಸ್ಪೋರ್ಕ್, ಮತ್ತು ಆಲಿಸ್ ಬಾವರ್, ಮಾರ್ಲೀನ್ ಬಾವರ್ ಎಂಬ ಅಕ್ಕತಂಗಿಯರು. ಬರ್ಗ್ ಮೊದಲ ಅಧ್ಯಕ್ಷಿಣಿಯಾದಳು.

ಈ ಹದಿಮೂವರಲ್ಲಿ ಎಷ್ಟು ವೈವಿಧ್ಯ! ಓಪಲ್ ಹಿಲ್ 1892ರಲ್ಲಿ ಹುಟ್ಟಿದವಳು. ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದಾಗ ಆರೋಗ್ಯಕ್ಕಾಗಿ ಈ ಆಟವನ್ನು ಹಿಡಿದವಳು. ಮಾರ್ಲೀನ್ ಬಾವರಳಿಗೆ ಆ ವರ್ಷ ಹದಿನಾರು ತುಂಬಿತ್ತು. ಡೆಟ್ವೈಲರಳು ಯುದ್ಧಕಾಲದಲ್ಲಿ ಸೈನ್ಯದ ವಿಮಾನಗಳನ್ನು ನಡೆಸಿದ ಸ್ತ್ರೀಯರಲ್ಲೊಬ್ಬಳು. ಸ್ಪೋರ್ಕಳು ಉಪಾಧ್ಯಾಯಿನಿಯಾಗಲು ಶಿಕ್ಷಣ ಪಡೆದಿದ್ದವಳು. ಜಾರ್ಜಿಯಾದ ಸಗ್ಸಳು ತಂದೆಯ ಆಟದ ಬಯಲಿನಲ್ಲಿಯೇ ಬೆಳೆದವಳು. 1949ರ ರಾಷ್ಟ್ರೀಯ ಮುಕ್ತ ಪಂದ್ಯದಲ್ಲಿ ಬೇಬಳನ್ನು ಹದಿನಾಲ್ಕು ಹೊಡೆತಗಳಷ್ಟು ಹಿಂದೆ ಹಾಕಿ ಗೆದ್ದವಳು.

1950ರ ಜನವರಿಯಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಮೊದಲ ವರ್ಷದ ಮೊದಲ ಪಂದ್ಯವು ನಡೆಯಿತು. ವಿಧಿಯ ವಿನೋದವನ್ನು ನೋಡಬೇಕು: ಗೆದ್ದವಳು ಪಾಲಿ ರೈಲಿ ಎಂಬ ಹವ್ಯಾಸಿ! ವೃತ್ತಿಯ ಆಟಗಾರ್ತಿಯರ ಹೊಸ ಯುಗದ ಪ್ರಥಮ ವಿಜಯವು ಹಣವನ್ನು ಮುಟ್ಟಲಾಗದವಳ ಪಾಲಾಯಿತು. ಸಂಘದ ಬಲವೆಷ್ಟೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಹಾಸ್ಯದ ವಸ್ತು ದೊರೆಯುವಂತಿರಲಿಲ್ಲ. ಆದರೆ ಆಟಗಾರ್ತಿಯರು ಎದೆಗೆಡದೆ ಸಾಮಾನುಗಳನ್ನು ಮೋಟಾರುಗಳಲ್ಲಿ ತುಂಬಿಕೊಂಡು ಮುಂದಿನ ಊರಿಗೆ ಹೊರಟರು.

ಅವರ ಸಂಚಾರವು ನಮ್ಮ ನಾಟಕದ ಕಂಪೆನಿಗಳ ಸಂಚಾರವನ್ನು ನೆನಪಿಗೆ ತರುವಂತಹುದು. ಒಂದರ ಹಿಂದೊಂದು ಮೋಟಾರುಗಳು ಸಾಲಾಗಿ ನೂರಾರು ಮೈಲಿ ಸಾಗುವುವು, ಚಾಲಕರೂ ಅವರೇ. ಊರು ಸೇರಿದ ಮೇಲೆ ಆಟದ ಬಯಲನ್ನು ಪರೀಕ್ಷಿಸಿ ಕುಳಿಗಳ ಸ್ಥಾನವನ್ನು ಗೊತ್ತುಮಾಡುವುದು, ಜೋಡಿಗಳನ್ನು ಕಟ್ಟುವುದು, ನಿಯಮಗಳ ತಕರಾರುಗಳನ್ನು ತೀರ್ಮಾನಿಸುವುದು, ಲೆಕ್ಕವಿಡುವುದು, ಗೆದ್ದವರಿಗೆ ಚೆಕ್ಕು ಬರೆಯುವುದು, ಪತ್ರಿಕೆಗಳಿಗೆ ಸುದ್ದಿ ಕೊಡುವುದು—ಇದೆಲ್ಲವೂ ಆಡುವವರ ಪಾಲಿನ ಕೆಲಸವೇ ಆಗಿತ್ತು. ಪ್ರೇಕ್ಷಕರನ್ನು ಸೆಳೆಯುವುದಕ್ಕಾಗಿ ಬೇಸ್‌ಬಾಲ್ ಬಯಲುಗಳಿಗೆ ಹೋಗಿ ಅಲ್ಲಿನ ಆಟ ಆರಂಭವಾಗುವ ಮುನ್ನ ಚೆಂಡುಗಳನ್ನು ಹೊಡೆದು ತೋರಿಸುವರು. ಮುಷ್ಟಿಯುದ್ಧದ ಅಂಕಣವನ್ನೇರಿ ತಮ್ಮ ಪಂದ್ಯದ ಸುದ್ದಿಯನ್ನು ಸಾರುವರು. ಹಗಲೆಲ್ಲ ಆಡಿ, ಸಂಜೆ ಪುರಪ್ರಮುಖರ ಔತಣಗಳಲ್ಲಿ ನಗುನಗುತ್ತ ಕುಳಿತು, ಮುಂದಿನ ವರ್ಷವೂ ಈ ಊರಿನವರು ಕರೆಯುವಂತೆ ಮಾಡಬೇಕು. ಕೈ ಕೆಸರಾದರೆ ಬಾಯಿ ಮೊಸರೆನ್ನುತ್ತಾರೆ; ಅವರಲ್ಲಿ ಹಲವರಿಗೆ ಕೆಸರು ಯಥೇಚ್ಛವಾಗಿ, ಮೊಸರು ಮಿತವಾಗಿ ದೊರೆಯಿತು.

ಆ ವರ್ಷದ ಪಂದ್ಯಗಳು ಒಟ್ಟು ಹದಿನಾಲ್ಕು ಹದಿನೈದು. ಬಹುಮಾನಗಳ ಮೊತ್ತವು ಸುಮಾರು 50,000 ಡಾಲರು. ಜಾರ್ಜಿಯಾದ ಅಗಸ್ಟಾ ನಗರದಲ್ಲಿ ನಡೆಯುತ್ತಿದ್ದ ವಿಜೇತೆಯರ ಪಂದ್ಯ, ಎದುರುಬದುರಾಗಿ ಆಡುತ್ತಿದ್ದ ಪಶ್ಚಿಮದ ಮುಕ್ತ ಪಂದ್ಯ, ರಾಷ್ಟ್ರೀಯ ಮುಕ್ತ ಪಂದ್ಯ—ಇವು ಮೂರು ಅತಿ ಮುಖ್ಯವಾದುವು. ಇವಲ್ಲದೆ ಶಿಕಾಗೋ ಬಳಿಯ ಟ್ಯಾಮ್ ಒಶಾಂಟರ್ ಎಂಬಲ್ಲಿ ಜಾರ್ಜ್ ಮೇ ಎಂಬ ಧನಿಕನು ಪುರುಷರ ಪಂದ್ಯಗಳ ಜೊತೆಗೆ ಸ್ತ್ರೀಯರಿಗೂ ಪಂದ್ಯಗಳನ್ನು ಏರ್ಪಡಿಸುತ್ತಿದ್ದನು. ಸ್ತ್ರೀಯರ ಉಡುಪುಗಳನ್ನು ತಯಾರಿಸುತ್ತಿದ್ದ ಆಲ್ವಿನ್ ಹ್ಯಾಂಡ್‌ಮೇಕರ್ ಎಂಬ ವರ್ತಕನು ತನ್ನ ‘ವೆದರ್‌ವೇನ್’ ಉಡುಪುಗಳ ಹೆಸರಿನಲ್ಲಿ ನಾಲ್ಕು ಪಂದ್ಯಗಳ ಸರಣಿಯೊಂದನ್ನು ಹೂಡಿ, ನಾಲ್ಕೂ ಸೇರಿ 144 ಕುಳಿಗಳಲ್ಲಿ ಅತ್ಯುತ್ತಮವಾಗಿ ಆಡಿದವಳಿಗೆ 5,000 ಡಾಲರುಗಳ ವಿಶೇಷ ಬಹುಮಾನವನ್ನಿಟ್ಟನು. ವರ್ತಕನ ಉದ್ದೇಶವು ಉಡುಪು ಮಾರುವುದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸ್ತ್ರೀಯರ ಆಟವನ್ನು ಜನ ನೋಡುತ್ತಾರೆಂಬ ನಂಬಿಕೆಯ ಮೇಲೆ ಹಣವಿಟ್ಟವನು ಆತನು. ಆ ನಂಬಿಕೆಯೇ ಅಂದು ದುರ್ಲಭವಾಗಿತ್ತು.

ಈ ಎಲ್ಲ ಕಣಗಳಲ್ಲಿಯೂ ಬೇಬಳ ಹೆಸರೇ ಮೊಳಗಿತು. ಆಕೆ ಎಂಟು ಪಂದ್ಯಗಳನ್ನು ಗೆದ್ದಳು. ಮುಖ್ಯವಾದ ಮೂರೂ ಪಂದ್ಯಗಳು, ವೆದರ್‌ವೇನ್ ಸರಣಿಯ ವಿಶೇಷ ಬಹುಮಾನ, ಎಲ್ಲವೂ ಆಕೆಯವೇ ಆದುವು. ರಾಷ್ಟ್ರೀಯ ಪಂದ್ಯವು ಆ ಶರತ್ಕಾಲದಲ್ಲಿ ಕ್ಯಾನ್ಸಸ್ ಪ್ರಾಂತದ ವಿಚಿಟಾ ನಗರದ ರೋಲಿಂಗ್ ಹಿಲ್ಸ್ ಬಯಲಿನಲ್ಲಿ ನಡೆಯಿತು. ಸಂಘದ ಸ್ಥಾಪನೆಯ ಕಾರ್ಯಕಲಾಪಗಳೂ ಅದೇ ನಗರದಲ್ಲಿ ನಡೆದುದರಿಂದ ವಿಚಿಟಾ ಸಂಘದ ಜನ್ಮಸ್ಥಳವೆಂದು ಹೆಸರಾಯಿತು. ಬೇಬಳು 291 ಹೊಡೆತಗಳಲ್ಲಿ ಆಟವನ್ನು ಮುಗಿಸಿ, ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದಳು. ಎರಡನೆಯ ಸ್ಥಾನದಲ್ಲಿ ನಿಂತವಳು ಟೆಕ್ಸಾಸಿನ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿದ ಬೆಟ್ಸಿ ರಾಲ್ಸ್ ಎಂಬ ಹವ್ಯಾಸಿ. ಈಕೆಯೇ ಮರುವರ್ಷ ವೃತ್ತಿಗೆ ಸೇರಿ ಅದೇ ರಾಷ್ಟ್ರೀಯ ಪಂದ್ಯವನ್ನು ಗೆದ್ದಳು. ಪ್ರಯೋಗಶಾಲೆಯನ್ನು ಸೇರಬಹುದಾಗಿದ್ದ ಪದವೀಧರೆಯೊಬ್ಬಳು ಗಾಲ್ಫಿನ ದಂಡವನ್ನು ವೃತ್ತಿಯಾಗಿ ಆರಿಸಿಕೊಂಡಳೆಂಬುದು, ಸಂಘಕ್ಕೆ ಒಂದೆರಡು ಪಂದ್ಯಗಳು ಹೆಚ್ಚಾದುದಕ್ಕಿಂತಲೂ ದೊಡ್ಡ ಲಾಭ.

ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದಾಗ ಬೇಬಳ ಬಹುಮಾನದ ಗಳಿಕೆಯು 14,800 ಡಾಲರು. ಅದೇ ವರ್ಷ ಪುರುಷರಲ್ಲಿ ಅಗ್ರಗಣ್ಯನಾದ ಸ್ಯಾಮ್ ಸ್ನೀಡನ ಗಳಿಕೆಯು 35,758 ಡಾಲರು. ಸ್ತ್ರೀಯರಲ್ಲಿ ಪ್ರಥಮಳಾದವಳಿಗೆ ಪುರುಷರಲ್ಲಿ ಪ್ರಥಮನಾದವನ ಅರ್ಧವೂ ಇಲ್ಲ. ಇನ್ನು ಸ್ತ್ರೀಯರ ಒಟ್ಟು ಬಹುಮಾನಗಳಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಒಬ್ಬಳೇ ಗಳಿಸಿದ ಮೇಲೆ ಉಳಿದವರಿಗೆ ದೊರೆತುದೆಷ್ಟೆಂಬುದನ್ನು ಊಹಿಸಬಹುದು. ಪ್ರದರ್ಶನಗಳು, ಶಿಕ್ಷಣ, ಸಾಮಗ್ರಿಗಳ ಕಂಪೆನಿಗಳು ಕೊಡುತ್ತಿದ್ದ ವೇತನ ಇವುಗಳಿಲ್ಲದಿದ್ದರೆ ಹಲವರು ಆ ವರ್ಷವನ್ನು ದಾಟುವುದೇ ಕಷ್ಟವಾಗುತ್ತಿತ್ತು.

ಸಂಘದ ಒಳಗಿನ ಕಠಿನವಾದ ಪ್ರಶ್ನೆಯೂ ಇಲ್ಲಿಯೇ ಇತ್ತು. ಜನರು ಚೀಟಿ ಕೊಂಡು ಬರುತ್ತಿದ್ದುದು ಬಹುಮಟ್ಟಿಗೆ ಬೇಬಳನ್ನು ನೋಡುವುದಕ್ಕಾಗಿ. ಆಕೆ ಪ್ರೇಕ್ಷಕರೊಡನೆ ವಿನೋದವಾಡುವಳು. ಚಮತ್ಕಾರದ ಹೊಡೆತಗಳನ್ನು ತೋರಿಸುವಳು. ಎರಡನೆಯ ಸ್ಥಾನಕ್ಕೆ ಯಾರು ಬರುವಿರೆಂದು ಉಳಿದವರನ್ನು ಎದುರಿಗೇ ಕೆಣಕುವಳು. ಮಿತಭಾಷಿಣಿಯಾದ ಸಗ್ಸಳಂತಹವರಿಗೆ ಈ ಆಡಂಬರವು ಸಹ್ಯವಾಗಲಿಲ್ಲ. ತಾವು ವರ್ಷಗಟ್ಟಲೆ ಸಾಧಿಸಿದ ನೈಪುಣ್ಯವು ಒಬ್ಬಳ ಮಾತಿನ ಅಬ್ಬರದಲ್ಲಿ ಮರೆಯಾಗುತ್ತಿದೆಯೆಂಬ ನೋವು ಅವರಿಗಿತ್ತು. ಆ ನೋವು ನ್ಯಾಯವಾದುದೇ. ಆದರೆ ಬೇಬಳಿಲ್ಲದೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಬಹುಮಾನವಿಲ್ಲ ಎಂಬುದೂ ಅಷ್ಟೇ ನಿಜ. ಅತ್ತ ಬೇಬಳಾದರೂ, ಎದುರು ನಿಲ್ಲುವ ಸಗ್ಸ್, ಬರ್ಗ್, ಜೇಮ್ಸನ್ನರಿಲ್ಲದಿದ್ದರೆ ಯಾರನ್ನು ಗೆದ್ದು ಕೀರ್ತಿವಂತಳಾಗಬೇಕು? ಪರಸ್ಪರ ಅಸಮಾಧಾನವಿದ್ದವರು ಅದನ್ನು ಪಕ್ಕಕ್ಕಿಟ್ಟು ಒಂದೇ ಸಂಘದ ನೊಗಕ್ಕೆ ಹೆಗಲು ಕೊಟ್ಟರು. ಸಂಘವು ಉಳಿದುದಕ್ಕೆ ಯಾವ ವಿಜಯಕ್ಕಿಂತಲೂ ಇದೇ ಹೆಚ್ಚಿನ ಕಾರಣವೆನ್ನಬೇಕು.

ಆ ಪ್ರಾರಂಭದಲ್ಲಿ ಕೊರತೆಗಳೂ ಇದ್ದುವು. ಅಮೆರಿಕೆಯ ಕ್ರೀಡಾಸಂಘಗಳ ಬಯಲುಗಳಲ್ಲಿ ಬಹುಪಾಲು ಅಂದು ಬಿಳಿಯರಿಗಷ್ಟೇ ತೆರೆದಿದ್ದುವು; ಹದಿಮೂವರು ಸ್ಥಾಪಕಿಯರೂ ಬಿಳಿಯರೇ. ಟೆನ್ನಿಸ್ ಆಟದಲ್ಲಿ ವಿಂಬಲ್ಡನ್ ಗೆದ್ದು ಜಗತ್ಪ್ರಸಿದ್ಧಳಾಗಿದ್ದ ಆಲ್ತಿಯಾ ಗಿಬ್ಸನ್ ಈ ಸಂಘದ ಮೊದಲ ಕರಿಯ ಸದಸ್ಯೆಯಾದುದು 1964ರಲ್ಲಿ. ಆಗಲೂ ಕೆಲವು ಊರುಗಳಲ್ಲಿ ಆಕೆಗೆ ವಸತಿಗೃಹಗಳ ಬಾಗಿಲು ತೆರೆಯಲಿಲ್ಲ. ತಮಗೆ ಮುಚ್ಚಿದ್ದ ಬಾಗಿಲನ್ನು ತಟ್ಟಿದವರ ಹಿಂದೆ ಇನ್ನೂ ಹಲವರು ಬೇರೆ ಬಾಗಿಲುಗಳ ಹೊರಗೆ ನಿಂತಿದ್ದರೆಂಬುದನ್ನು ಚರಿತ್ರೆಯು ಮರೆಯಬಾರದು.

ಬೇಬಳ ಮುಂದಿನ ಕಥೆಯು ಕರುಣಾಜನಕವಾದುದು, ಅಷ್ಟೇ ವೀರೋಚಿತವಾದುದು. 1953ರಲ್ಲಿ ಆಕೆಗೆ ಕರುಳಿನ ಏಡಿಗಂತಿ ಎಂದರೆ ಕ್ಯಾನ್ಸರ್ ರೋಗವಿದೆಯೆಂದು ತಿಳಿದು, ಏಪ್ರಿಲಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಜನರು ಅಂಜುತ್ತಿದ್ದ ಆ ಕಾಲದಲ್ಲಿ ಆಕೆ ಅದನ್ನು ಬಹಿರಂಗವಾಗಿ ಹೇಳಿಕೊಂಡು, ಅದರ ಚಿಕಿತ್ಸೆಯ ನಿಧಿಗಾಗಿ ದುಡಿದಳು. ಅದೇ ಬೇಸಗೆಯಲ್ಲಿ ಆಟಕ್ಕೆ ಮರಳಿದ ಆಕೆಯು 1954ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಪೀಬಡಿಯಲ್ಲಿ ನಡೆದ ರಾಷ್ಟ್ರೀಯ ಮುಕ್ತ ಪಂದ್ಯವನ್ನು, ಶಸ್ತ್ರಚಿಕಿತ್ಸೆಯ ಫಲವಾಗಿ ಮೈಗೆ ಕಟ್ಟಿಕೊಳ್ಳಬೇಕಾಗಿದ್ದ ಚೀಲದೊಡನೆಯೇ ಆಡಿ, ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದಳು. ಕೊನೆಯ ದಿನ ಎರಡು ಸುತ್ತುಗಳನ್ನು, ಎಂದರೆ ಮೂವತ್ತಾರು ಕುಳಿಗಳನ್ನು ನಡೆದೇ ಮುಗಿಸಬೇಕಾಗಿತ್ತು. ಅಂದು ಆಕೆಯ ಜೊತೆಯಲ್ಲಿ ಆಡಿದ ಹತ್ತೊಂಬತ್ತು ವರ್ಷದ ಹವ್ಯಾಸಿ ಮಿಕಿ ರೈಟ್ ಮುಂದೆ ಈ ಸಂಘದ ಅತ್ಯಂತ ಸಮರ್ಥ ಆಟಗಾರ್ತಿಯರಲ್ಲೊಬ್ಬಳಾಗಿ, 1963ರ ಒಂದೇ ವರ್ಷದಲ್ಲಿ ಹದಿಮೂರು ಪಂದ್ಯಗಳನ್ನು ಗೆದ್ದಳು. ದೀಪದಿಂದ ದೀಪ ಹೊತ್ತಿತು. ರೋಗವು ಮರುಕಳಿಸಿ 1956ರ ಸೆಪ್ಟೆಂಬರಿನಲ್ಲಿ ಬೇಬಳು ತೀರಿಕೊಂಡಳು. ಆಗ ಆಕೆಗೆ ನಲವತ್ತೈದು ವರ್ಷ. ಬೇಬಳಿಲ್ಲದೆ ಸಂಘವು ನಿಲ್ಲಲಾರದೆಂದು ಅಂಜಿದವರಿಗೆ ಕಾಲವೇ ಉತ್ತರ ಕೊಟ್ಟಿತು, ಸಂಘವು ನಿಂತಿತು.

ಆ ಸಂಘದ ಪಂದ್ಯಗಳಲ್ಲಿ ಕಾಲಕ್ರಮದಲ್ಲಿ ಅನೇಕ ದೇಶಗಳ ಸ್ತ್ರೀಯರು ಪಾಲ್ಗೊಂಡರು. 1876ರಲ್ಲಿಯೇ ಗಾಲ್ಫ್ ಸಂಘವೊಂದು ಸ್ಥಾಪಿತವಾಗಿದ್ದ ನಮ್ಮ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕಳು 2016ರಲ್ಲಿ ಭಾರತದ ಮುಕ್ತ ಪಂದ್ಯವನ್ನು ಗೆದ್ದು, 2017ರಿಂದ ಈ ಅಮೆರಿಕನ್ ಸಂಘದ ಪಂದ್ಯಗಳಲ್ಲಿ ಆಡತೊಡಗಿದಳು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ, ತಾಯಿಯೇ ದಂಡಗಳ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆಯುತ್ತಿರಲು, ಆಕೆ ನಾಲ್ಕನೆಯ ಸ್ಥಾನವನ್ನು ಪಡೆದಳು. ಪದಕಕ್ಕೂ ಆಕೆಗೂ ನಡುವೆ ಇದ್ದುದು ಒಂದೇ ಹೊಡೆತದ ಅಂತರ. ಅಂದು ಬೆಳಗಿನ ಜಾವದಲ್ಲಿಯೇ ಎದ್ದು, ಗಾಲ್ಫಿನ ನಿಯಮಗಳನ್ನೇ ಅರಿಯದ ಎಷ್ಟೋ ಮನೆಗಳವರು ಆ ಆಟವನ್ನು ಉಸಿರು ಬಿಗಿಹಿಡಿದು ನೋಡಿದರು.

ಹದಿಮೂವರಲ್ಲಿ ಕೊನೆಯವರೆಗೆ ಬದುಕಿದ್ದವಳು, ಅಂದು ಎಲ್ಲರಿಗಿಂತ ಕಿರಿಯಳಾಗಿದ್ದ ಮಾರ್ಲೀನ್ ಬಾವರ್. ಆಕೆ 2023ರಲ್ಲಿ ತೀರಿಕೊಂಡಳು. ಅದರೊಡನೆ ಆ ಮೊದಲ ವರ್ಷವು ಜೀವಂತ ಸ್ಮೃತಿಯಿಂದ ಚರಿತ್ರೆಯ ಪುಟಕ್ಕೆ ಸರಿಯಿತು. ಆ ವರ್ಷದ ಬಹುಮಾನಗಳ ಹಣವು ಎಂದೋ ಖರ್ಚಾಯಿತು. ಕುಳಿಗಳ ಮೇಲೆ ಹುಲ್ಲು ಎಷ್ಟೋ ಬಾರಿ ಬೆಳೆಯಿತು. ಉಳಿದುದು ಒಂದು ಮಾತು: ಸ್ತ್ರೀಯು ತನ್ನ ಕೈಯ ನೈಪುಣ್ಯಕ್ಕೆ ಬೆಲೆ ಕೇಳುವುದು ಅಗೌರವವಲ್ಲ. ಆ ಮಾತನ್ನು ಅವರು ಸಭೆಗಳಲ್ಲಿ ಉಪನ್ಯಾಸವಾಗಿ ಹೇಳಲಿಲ್ಲ. ಹಗಲು ಆಡಿ, ಸಂಜೆ ಲೆಕ್ಕ ಬರೆದು, ಮತ್ತೆ ಮೋಟಾರು ಹತ್ತಿ ಮುಂದಿನ ಊರಿಗೆ ಹೋಗಿ ಹೇಳಿದರು.